ಕಿಟೆಲ್ ಸಾಹೇಬ್ರ ಮನಿಯವ್ರು, ನಮ್ಮ ಮಗಳ ನೌಕರಿ

ಶ್ರಾವಣ ಶುರುವಾಗೂದಕ್ಕ ಇನ್ನ ನಾಕು ದಿನ ಇತ್ತು. ಅಡಗಿಮನಿ ಡಬ್ಬಿ ಎಲ್ಲಾ ತೊಳದು ಬಿಸಲಿಗೆ ಇಟ್ಟು ಒಳಗ ಬಂದೆ, ಅಷ್ಟರಾಗ ಮಗಳ ಫೋನು ಬಂತು. ಅಕಿ ಇರೂದು ಜರ್ಮನಿ ದೇಶದ ಸ್ಟುಟ್‌ಗಾರ್ಟ್ ಊರಾಗ. ಅಳಿಯಂದ್ರ ನೌಕರಿ ಸಲುವಾಗಿ ಹೋಗಿ ನಾಕು ವರ್ಷ ಆತು. ಮುಖ ನೋಡಿದ ಕೂಡ್ಲೆ ಏನೋ ಸುದ್ದಿ ಅದ ಅಂತ ತಿಳೀತು. "ಅವ್ವಾ, ನನಗೂ ನೌಕರಿ ಸಿಕ್ತು" ಅಂದ್ಲು. ಇಲ್ಲೆ ಎಂಜಿನಿಯರಿಂಗ್ ಕಲ್ತು, ಅಲ್ಲೆ ಹೋಗಿ ನಾಕು ವರ್ಷ ಮನ್ಯಾಗ ಕೂತಾಕಿ. ನನ್ನ ಕಣ್ಣಾಗ ನೀರು ಬಂತು.

ಆಮ್ಯಾಲೆ ಸ್ವಲ್ಪ ತಡದು ಅಂದ್ಲು, "ಇಲ್ಲೆ ಬಾಲವಾಡಿಯವ್ರು ಮಧ್ಯಾಹ್ನ ಒಂದರ ತನಕಾ ಅಷ್ಟ ಇಟಗೋತಾರ. ನನ್ನ ಕೆಲಸ ಸಂಜಿ ತನಕಾ. ಒಂದು ವರ್ಷ ಇವನ್ನ ನಿನ್ನ ಹತ್ರ ಬಿಡ್ಲೇನು?"

ಮೊಮ್ಮಗಗ ಮೂರು ತುಂಬಿ ನಾಕು ತಿಂಗಳು. ಖರೇ ಹೇಳ್ತೀನಿ, ನನಗ ಆಕಾಶ ಮೂರs ಗೇಣು ಉಳದಿತ್ತು. ಫೋನ್ ಇಡೂದರೊಳಗ ಯಾವ ಖೋಲಿಯೊಳಗ ಅವನ್ನ ಮಲಗಿಸಬೇಕು, ಯಾರ ಮನಿ ಹುಡುಗೂರ ಜೋಡಿ ಆಡ್ಲಿಕ್ಕೆ ಬಿಡಬೇಕು ಅಂತ ಎಲ್ಲಾ ಹಾಕಿ ಇಟ್ಟಿದ್ದೆ. ನಮ್ಮನಿಯವ್ರು ಮಾತ್ರ ಪೇಪರ್ ಮಡಚಿ ಇಟ್ಟು, "ಎರಡು ದಿನ ವಿಚಾರ ಮಾಡು" ಅಂದ್ರು. ನನಗ ಸಿಟ್ಟ ಬಂತು. ಇದರಾಗ ವಿಚಾರ ಮಾಡೂದು ಏನದ?

ಮರುದಿನ ನಮ್ಮ ಮಾವನವರ ಕಪಾಟು ಝಾಡಿಸ್ಲಿಕ್ಕೆ ಹತ್ತಿದೆ. ಅವ್ರು ಕನ್ನಡ ಮಾಸ್ತರ್ರಿದ್ರು. ಅಲ್ಲೆ ಕೈಗೆ ಬಂದದ್ದು ಕಿಟೆಲ್ ಸಾಹೇಬ್ರ ನಿಘಂಟು. 1894ರಾಗ ಮಂಗಳೂರಿನ್ಯಾಗ ಅಚ್ಚಾದದ್ದು, ಸುಮಾರು 70,000 ಶಬ್ದ ಅವ ಅದರಾಗ. ನಮ್ಮನ್ಯಾಗ ಇರೂದು ಆಮ್ಯಾಲಿನ ಮುದ್ರಣ, ಆದ್ರೂ ಎರಡೂ ಕೈಲೆ ಎತ್ತಬೇಕು. ನಾ ಪಿಯುಸಿ ಕಲ್ತದ್ದೂ ಕಿಟೆಲ್ ಕಾಲೇಜಿನ್ಯಾಗ. ಎರಡು ವರ್ಷ ಆ ಹೆಸರಿನ ಕೆಳಗ ಹಾದು ಹೋದಾಕಿ, ಈ ಮನುಷ್ಯಾಗ ಒಬ್ಬಾಕಿ ಹೆಂಡತಿ ಇದ್ದೀತು, ಅಕಿ ಇಲ್ಲೆ ಬಂದು ಹೆಂಗ ಬದುಕು ಮಾಡಿದ್ಲು ಅಂತ ಒಂದು ದಿನಾನೂ ಕೇಳಲಿಲ್ಲ. ಮಗಳು ಪರದೇಶದಾಗ ಇರೂದಕ್ಕ ಈಗ ಆ ಪ್ರಶ್ನಿ ಬಂತು ಅಂತ ಕಾಣಸ್ತದ. ನಮ್ಮ ಓಣ್ಯಾಗಿನ ರಿಟೈರ್ ಆದ ಇತಿಹಾಸದ ಮಾಸ್ತರ್ರ ಹತ್ರ ಪುಸ್ತಕಾ ತರಿಸಿ ಓದಿದೆ. ಓದಿದ್ದನ್ನ ನಿಮಗೂ ಹೇಳ್ತೀನಿ.

ಸ್ವಿಟ್ಜರ್ಲೆಂಡಿನ ಬಾಸೆಲ್ ಅನ್ನೂ ಊರಾಗ ಒಂದು ಮಿಶನ್ ಇತ್ತು. ಹುಡುಗೂರನ್ನ ತಯಾರ ಮಾಡಿ ದೂರದೇಶಕ್ಕ ಧರ್ಮಪ್ರಚಾರಕ್ಕ ಕಳಸ್ತಿದ್ರು. ಅವ್ರಾಗ ಭಾಳ ಮಂದಿ ವ್ಯುರ್ಟೆಂಬರ್ಗ್ ಸೀಮಿಯವ್ರು, ಅಂದ್ರ ಈಗ ನಮ್ಮ ಮಗಳು ಇರೂ ಸ್ಟುಟ್‌ಗಾರ್ಟ್ ಸುತ್ತಮುತ್ತಲಿನವ್ರು. ಇದು ಓದಿ ನನಗ ಮೈ ಝುಂ ಅಂತು. ಅಲ್ಲಿಂದ ಅವ್ರು ಇಲ್ಲೆ ಬಂದಿದ್ರು, ಈಗ ಇಲ್ಲಿಂದ ನಮ್ಮವ್ರು ಅಲ್ಲೆ ಹೋಗ್ಯಾರ. 1834ರಾಗ ಮಂಗಳೂರಿಗೆ ಬಂದ್ರು. 1837ಕ್ಕ ಧಾರವಾಡ, 1839ಕ್ಕ ಹುಬ್ಬಳ್ಳಿ. ಕನ್ನಡದ ಮೊದಲನೇ ಪತ್ರಿಕಾ 'ಮಂಗಳೂರ ಸಮಾಚಾರ' 1843ರಾಗ ಹೊರಗ ತಂದವ್ರು ಇವ್ರಾಗಿನ ಮೋಗ್ಲಿಂಗ್ ಸಾಹೇಬ್ರು. 1865ರಾಗ ಹಂಚಿನ ಕಾರಖಾನಿ ಹಾಕಿದ್ರು. ನಮ್ಮ ಹಳೇ ಮನಿ ಮ್ಯಾಲಿನ ಮಂಗಳೂರು ಹಂಚಿನ ಮೂಲ ಅದ.

ಕಿಟೆಲ್ ಸಾಹೇಬ್ರು ಬಂದದ್ದು 1853ರಾಗ, ಇಪ್ಪತ್ತೊಂದರ ಹುಡುಗ. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಅಂತ ಊರೂರು ತಿರುಗಿ ಕೆಲಸ ಮಾಡಿದ್ರು. ಇದೆಲ್ಲಾ ಸಾಲಿ ಪುಸ್ತಕದಾಗೂ ಬರ್ತದ. ಬರಲಾರದ್ದು ಏನಂದ್ರ ಇವ್ರ ಲಗ್ನದ ಕತಿ.

ಬಂದ ಹುಡುಗೂರು ಕೂಡ್ಲೆ ಲಗ್ನ ಆಗೂ ಹಂಗಿದ್ದಿಲ್ಲ. ಮೊದಲನೇ ಎರಡು ವರ್ಷ ಒಬ್ರ ಇದ್ದು, ಭಾಷಾ ಕಲ್ತು, ಕೆಲಸ ತೋರಿಸಬೇಕು. ಆಮ್ಯಾಲೆ ಬಾಸೆಲ್‌ದಾಗಿನ ಕಮಿಟಿಗೆ ಅರ್ಜಿ ಬರೀಬೇಕು. ಕಮಿಟಿಯವ್ರು ಹೂಂ ಅಂದ್ರ ಲಗ್ನ. ಎಷ್ಟೋ ಸಲ ಕನ್ಯಾ ಹುಡುಕಿ ಕೊಡೂದೂ ಅವ್ರ. ಆ ಹುಡುಗಿಗೆ ಒಂದು ಪತ್ರ ಬರ್ತಿತ್ತು, ಹಿಂಗಿಂಗ ದೂರದೇಶದಾಗ ಒಬ್ಬಾಂವ ಇದ್ದಾನ, ಒಪ್ಪಗಿ ಅದ ಏನು ಅಂತ. ಭಾಳ ಹುಡುಗ್ಯಾರು ಗಂಡನ ಮುಖ ನೋಡದ ಹೂಂ ಅಂದು ಹಡಗ ಹತ್ತಿದ್ರು. ನಮ್ಮ ಕಾಲದಾಗ ಕನ್ಯಾ ನೋಡೂದು ಉಪ್ಪಿಟ್ಟು, ಚಾದಾಗ ಮುಗೀತಿತ್ತು, ಖರೇ. ಆದ್ರ ಮುಖಾರೆ ಕಾಣತಿತ್ತಲ್ರೀ!

ಸೂಯೆಜ್ ಕಾಲುವಿ ಆದದ್ದು 1869ಕ್ಕ. ಅದಕ್ಕಿಂತ ಮೊದ್ಲ ಆಫ್ರಿಕಾ ಸುತ್ತ ಹಾಕಿ ಬಂದ್ರ ತಿಂಗಳುಗಟ್ಟಲೆ ನೀರಾಗ. ಇಳದ ಮ್ಯಾಲೆ ಲಗ್ನ. ಮರುದಿನದಿಂದ ಕೆಲಸ. ಇವ್ರಿಗೆ ಪಗಾರ ಇಲ್ಲ, ಹುದ್ದೆ ಇಲ್ಲ, ಹೆಸರು 'ಮಿಶನರಿ ಹೆಂಡತಿ' ಅಂತ ಅಷ್ಟ. ಆದ್ರ ಹುಡುಗ್ಯಾರ ಸಾಲಿ ನಡಸೂದು, ಹೊಲಿಗಿ ಹೆಣಿಕಿ ಕಲಸೂದು, ಜಡ್ಡಾದವ್ರನ್ನ ನೋಡಕೊಳ್ಳೂದು, ಬಂದ ಮಂದಿಗೆ ಅಡಗಿ, ಎಲ್ಲಾ ಇವ್ರ ತಲಿ ಮ್ಯಾಲೆ. ಹೊಸಾ ದೇಶದಾಗ ಗಂಡಗ ಒಂದು ಕೆಲಸ ಇದ್ರ, ಹೆಂಡತಿಗೆ ಹತ್ತು.

ನಮ್ಮ ಮಗಳೂ ಹಿಂಗ ಅಲ್ಲೆ ಬೇರು ಊರಿದ್ಲು. ಅಳಿಯಂದ್ರು ಆಫೀಸಿನ್ಯಾಗ ಇಂಗ್ಲಿಷ್ ಮಾತಾಡಿ ಬರ್ತಿದ್ರು. ಹಾಲಿನವ್ರ ಜೋಡಿ, ಡಾಕ್ಟರ್ ಜೋಡಿ, ಕೆಳಗಿನ ಮನಿ ಅಜ್ಜಿ ಜೋಡಿ ಜರ್ಮನ್ ಮಾತಾಡ್ಲಿಕ್ಕೆ ಕಲ್ತಾಕಿ ಇಕಿ. ರವಿವಾರ ಅಂಗಡಿ ಬಂದ್ ಇರ್ತಾವ, ಶನಿವಾರನ ಹಾಲು ತಂದು ಇಡಬೇಕು. ರವಿವಾರ ಮಿಕ್ಸಿ ಹಾಕಿದ್ರ ಸಪ್ಪಳಾತು ಅಂತ ಮ್ಯಾಲಿನವ್ರು ಬಂದು ಬಾಗಿಲಾ ಬಡೀತಾರ. ಇನ್ನ ಅಲ್ಲಿ ಸೀಮ್ಯಾಗ 'ಕೇರ್‌ವೋಖೆ' ಅಂತ ಪಾಳಿ ಅದ. ಯಾರ ವಾರ ಬರ್ತದೋ ಅವ್ರ ಬಾಗಿಲಕ್ಕ ಒಂದು ಹಲಗಿ ತೂಗ ಹಾಕ್ತಾರ, ಆ ವಾರ ಪಾವಟಿಗಿ, ಅಂಗಳಾ ಕಸಾ ಹೊಡಿಯೂದು ಅವ್ರ ಕೆಲಸ. ಮೊದಲನೇ ಸಲ ಹಲಗಿ ನೋಡಿ ಇಕಿ ಯಾರೋ ಹಬ್ಬಕ್ಕ ಕಟ್ಯಾರ ಅಂತ ತಿಳಕೊಂಡು ಸುಮ್ನ ಇದ್ಲಂತ. ವಾರದ ಕಡೀಕ ಅಜ್ಜಿನ ಬಂದು ಕಸಬರಿಗಿ ಕೈಯಾಗ ಕೊಟ್ಲು! ಅವತ್ತಿನಿಂದ ಇಬ್ಬರೂ ದೋಸ್ತ ಆದ್ರು.

ಆ ಕಾಲದವ್ರಿಗೆ ಇಷ್ಟು ಹಗರಾಗಿ ಹೋಗಲಿಲ್ಲ. ಕಿಟೆಲ್ ಸಾಹೇಬ್ರ ಲಗ್ನ 1860ರಾಗ ಪಾಲಿನೆ ಐಟ್ ಅನ್ನಾಕಿ ಜೋಡಿ ಆತು. ನಾಕs ವರ್ಷ. 1864ರಾಗ ಅಕಿ ಮಂಗಳೂರಿನ್ಯಾಗ ತೀರಕೊಂಡ್ಲು. 1867ರಾಗ ಸಾಹೇಬ್ರು ಅಕಿ ತಂಗಿ ಜೂಲಿಯನ್ನ ಮಾಡಿಕೊಂಡ್ರು. ಅಕ್ಕನ ಮನಿಗೆ ತಂಗಿ ಬರೂದು ನಮ್ಮ ಕಡೆನೂ ಇತ್ತಲ್ಲ, ಅದಕ್ಕ ಈ ಮಾತು ಓದಿದಾಗ ದೂರದವ್ರ ಕತಿ ಅಂತ ಅನಸಲಿಲ್ಲ. ನಿಘಂಟಿನ ಆ ದಪ್ಪ ಪುಸ್ತಕದ ಹಿಂದ ಎರಡು ಹೆಣ್ಣುಮಕ್ಕಳ ಬದುಕು ಅದ.

ಆದ್ರ ನನ್ನ ಎದಿ ಝಲ್ ಅನಸಿದ್ದು ಇನ್ನೊಂದು ಸಂಗತಿ. ಕಿಟೆಲ್ ಸಾಹೇಬ್ರು ಇಲ್ಲೆ ಬಂದ 1853ನೇ ಇಸವಿಯೊಳಗನ ಬಾಸೆಲ್ ಕಮಿಟಿ ಮಕ್ಕಳ ಬಗ್ಗೆ ಒಂದು ಕಾಯ್ದೆ ಮಾಡಿತು. ಮಿಶನರಿಗಳ ಮಕ್ಕಳು ಸಾಲಿಗೆ ಹೋಗೂ ವಯಸ್ಸಿಗೆ ಬಂದ್ರ, ಅಂದ್ರ ಆರು ವರ್ಷದ ಸುಮಾರಿಗೆ, ಯುರೋಪಿಗೆ ಕಳಸಬೇಕು. ಬಾಸೆಲ್‌ದಾಗ ಅವ್ರ ಸಲುವಾಗಿ ಮನಿ ಮಾಡಿದ್ರು. ಅವ್ವ, ಅಪ್ಪ ಇಲ್ಲೆ ಕೆಲಸದ ಮ್ಯಾಲೆ, ಮಕ್ಕಳು ಅಲ್ಲೆ. ಕಾರಣಾ ಇದ್ವು. ಇಲ್ಲಿ ಹವಾ, ಜ್ವರಕ್ಕ ಕೂಸುಗಳು ಸಾಯತಿದ್ವು. ಅಲ್ಲಿನ ಸಾಲಿ, ಅಲ್ಲಿನ ರೀತಿ ಕಲೀಲಿ ಅಂತನೂ ಇತ್ತು. ಎಲ್ಲಾರೂ ಕೂಸಿನ ಒಳ್ಳೇದಕ್ಕಂತ ಮಾಡಿದ್ರು.

ಈ ಕಾಯ್ದೆ ಆಗೂದಕ್ಕ ಮೊದ್ಲನ ಹಿಂಗ ಬಿಟ್ಟು ಬಂದವ್ರು ಇದ್ರು. ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್ ಸಾಹೇಬ್ರ ಹೆಸರು ಕೇಳಿರಬೇಕು. ಅವ್ರ ಹೆಂಡತಿ ಜೂಲಿ ತಲಶ್ಶೇರಿಯೊಳಗ ಹುಡುಗ್ಯಾರ ಸಾಲಿ ನಡಸತಿದ್ಲು. ಅಕಿ ಮಗಳು ಮರೀ 1842ರಾಗ ಅಲ್ಲೆ ಹುಟ್ಟಿದ್ದು. ಮೂರು, ನಾಕು ವರ್ಷದ ಕೂಸಿದ್ದಾಗ ರಜಾಕ್ಕಂತ ಯುರೋಪಿಗೆ ಹೋದವ್ರು, ತಿರುಗಿ ಬರೂ ಮುಂದ ಅಕಿನ್ನ ಅಲ್ಲೆ ಬಿಟ್ಟು ಬಂದ್ರು. ಮರೀ ಮತ್ತ ಅವ್ವ, ಅಪ್ಪನ ಹತ್ರ ಹಿಂದೂಸ್ತಾನಕ್ಕ ಬಂದಾಗ ಅಕಿಗೆ ಹದಿನೈದು. ಮುಂದ ಈ ಮರೀನ ಹಡದದ್ದು ಹರ್ಮನ್ ಹೆಸ್ಸೆ ಅನ್ನೂ ದೊಡ್ಡ ಲೇಖಕನ್ನ, 'ಸಿದ್ಧಾರ್ಥ' ಬರದಾಂವ, ನೊಬೆಲ್ ಬಂದಾಂವ. ಮಂದಿ ಅದನ್ನ ನೆನಸ್ತಾರ. ನನಗ ಮಾತ್ರ ಆ ಹನ್ನೊಂದು ವರ್ಷದ ಲೆಕ್ಕದ ಮುಂದ ದೃಷ್ಟಿ ನಿಂತು ಬಿಡ್ತು. ಬೇರೆ ಮಂದಿ ಹುಡುಗ್ಯಾರಿಗೆ ಓದು ಕಲಸಿದ ಜೂಲಿ, ತನ್ನ ಮಗಳು ಓದಲಿಕ್ಕೆ ಕಲ್ತದ್ದನ್ನ ನೋಡಲಿಲ್ಲ.

ಪುಸ್ತಕಾ ಮುಚ್ಚಿದ ಮ್ಯಾಲೆ ನನಗ ನನ್ನ ಮಾತ ನೆನಪಾತು. ನಿಮ್ಮಾಗ ಭಾಳ ಮಂದಿಗೆ ಗೊತ್ತಿಲ್ಲ. ತಮ್ಮ ಹುಟ್ಟಿದಾಗ ನಮ್ಮವ್ವ ಅಶಕ್ತ ಇದ್ಲು ಅಂತ ನನ್ನನ್ನ ಎರಡು ವರ್ಷ ಗದಗಿನ್ಯಾಗ ಅಜ್ಜಿ ಕಡೆ ಬಿಟ್ಟಿದ್ರು. ನನಗ ಆಗ ಮೂರು ವರ್ಷ. ಅಜ್ಜಿ ನನಗ ಏನೂ ಕಡಿಮಿ ಮಾಡಲಿಲ್ಲ, ತುಪ್ಪ ಹಾಕಿ ಉಣಸಿದ್ಲು. ಎರಡು ವರ್ಷದ ಮ್ಯಾಲೆ ಅವ್ವ ಕರಕೊಂಡು ಹೋಗ್ಲಿಕ್ಕೆ ಬಂದಾಗ ನಾ ಅಜ್ಜಿ ಸೆರಗಿನ ಹಿಂದ ಅಡಗಿ "ಈ ಬಾಯಿ ಯಾರು?" ಅಂತ ಕೇಳಿದೆನಂತ. ನಮ್ಮವ್ವ ಸಾಯೂ ತನಕಾ ಇದನ್ನ ನಗಚಾಟಿಗಿಯಂಗ ಹೇಳತಿದ್ಲು. ಹೇಳಿ ಮುಗಿಸಿದ ಮ್ಯಾಲೆ ಒಂದು ಗಳಿಗಿ ಸುಮ್ನ ಕೂಡತಿದ್ಲು. ಆ ಸುಮ್ನ ಕೂಡೂದರ ಅರ್ಥ ನನಗ ಈಗ ತಿಳೀತು.

ಎರಡು ದಿನದ ಮ್ಯಾಲೆ ನಾನ ಫೋನ್ ಮಾಡಿದೆ. "ಬ್ಯಾಡ, ಕೂಸಿನ್ನ ಬಿಡಬ್ಯಾಡ" ಅಂದೆ. ಅಕಿ ಮುಖಾ ಇಳೀತು. "ಯಾಕವ್ವಾ, ನಿನಗ ಆಗೂದಿಲ್ಲೇನು? ಹಂಗಾರ ನೌಕರಿನ ಬ್ಯಾಡ ಅಂತೀನಿ" ಅಂದ್ಲು. "ನೌಕರಿ ಬಿಡು ಅಂತ ಯಾರಂದ್ರು? ಕೂಸು ಇಲ್ಲೆ ಬರೂದು ಬ್ಯಾಡ, ನಾನ ಅಲ್ಲೆ ಬರ್ತೀನಿ" ಅಂದೆ. ಮಾತಾಡೂದರಾಗ ನನಗ ಗೊತ್ತಾತು, ಧಾರವಾಡ ಬಿಟ್ಟು ಮುಂಬೈ ಸೈತ ಒಬ್ಬಾಕಿನ ನೋಡಿಲ್ಲ ನಾನು!

ಆಮ್ಯಾಲೆ ಎಲ್ಲಾರೂ ಕೂಡಿ ಲೆಕ್ಕಾ ಹಾಕಿದ್ವಿ. ನೋಡ್ಲಿಕ್ಕೆ ಹೋಗವ್ರ ವೀಸಾದಾಗ 180 ದಿನದೊಳಗ 90 ದಿನ ಅಷ್ಟ ಇರ್ಲಿಕ್ಕೆ ಬಿಡ್ತಾರ. ಮೊದಲ ನಾನು, ಆಮ್ಯಾಲೆ ನಮ್ಮ ಬೀಗ್ತಿ. ಅಷ್ಟರಾಗ ಪೂರಾ ದಿನದ ಬಾಲವಾಡಿಯೊಳಗ ಜಾಗಾ ಸಿಗ್ತದೇನು ನೋಡೂದು, ಇಲ್ಲಾಂದ್ರ ಅಳಿಯಂದ್ರು ತಮ್ಮ ಕೆಲಸದ ತಾಸು ಕಡಿಮಿ ಮಾಡಿಕೊಳ್ಳೂದು. ಇದನ್ನ ಅಳಿಯಂದ್ರ ಬಾಯಿಲೆನ ಕೇಳಿ ನನಗ ಸಮಾಧಾನ ಆತು. ಇನ್ನೊಂದು ಸಂಗತಿ ಮಗಳು ಹೇಳಿದ್ಲು. ಅಲ್ಲೆ ಕೂಸು ಬಾಲವಾಡಿಗೆ ಹೊಸದಾಗಿ ಹೊಂಟಾಗ ಒಮ್ಮಿಗ್ಲೆ ಬಿಟ್ಟು ಬರೂದಿಲ್ಲಂತ. ಮೊದಲ ಕೆಲವು ದಿನ ಅವ್ವನೋ ಅಪ್ಪನೋ ಅಲ್ಲೆ ಕೂಡಬೇಕು, ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹೊರಗ ಹೋಗಿ ಬರಬೇಕು, ಕೂಸಿಗೆ ರೂಢಿ ಆಗೂ ತನಕಾ. ಅದಕ್ಕೊಂದು ಉದ್ದನ ಹೆಸರು ಇಟ್ಟಾರ. ಯಾವ ಸೀಮಿ ತಾಯಂದ್ರು ಒಂದು ಕಾಲಕ್ಕ ಆರು ವರ್ಷದ ಮಕ್ಕಳನ್ನ ಹಡಗ ಹತ್ತಿಸಿ ಕಳಸಿದ್ರೋ, ಅದ ಸೀಮ್ಯಾಗ ಇವತ್ತು ಹಿಂಗ.

ಅವ್ರನ್ನ ಬೈಲಿಕ್ಕೆ ಇದನ್ನ ಬರೀಲಿಲ್ಲ. ನಮ್ಮ ಬಳಗದಾಗೂ ಮಕ್ಕಳನ್ನ ಅಜ್ಜಿ ಕಡೆ ಬಿಟ್ಟು ಪರದೇಶಕ್ಕ ಹೋದವ್ರು ಇದ್ದಾರ, ಅವ್ರ ಅಡಚಣಿ ಅವ್ರಿಗೆ ಗೊತ್ತು. ಪಾಲಿನೆ, ಜೂಲಿ ಇವ್ರಿಗೆ ಬ್ಯಾರೆ ಹಾದಿ ಇದ್ದಿಲ್ಲ. ನಮಗ ಅದ. ಪರದೇಶದಾಗ ನೌಕರಿ ಸಿಕ್ತು ಅಂದ ಕೂಡ್ಲೆ ನಾವು ಪಗಾರ ಎಷ್ಟು ಅಂತ ಕೇಳ್ತೀವಿ. ಮನ್ಯಾಗ ಯಾರು ಯಾರ್ನ ಬಿಟ್ಟಿರಬೇಕಾಗ್ತದ ಅಂತನೂ ಕೇಳಬೇಕು ಅಂತ ನನಗ ಅನಸ್ತದ.

ವೀಸಾ ಕಾಗದ ಹಾಕೇವಿ. ಧಾರವಾಡ ಫೇಡೆ ಒಯ್ಯಬೇಕಂತಿದ್ದೆ, ಹಾಲಿನ ಪದಾರ್ಥ ಒಳಗ ಬಿಡೂದಿಲ್ಲಂತ. ಶೇಂಗಾ ಹಿಂಡಿ, ಗುರೆಳ್ಳ ಪುಡಿ, ಸಜ್ಜಿ ರೊಟ್ಟಿ ಕಟ್ಟಿ ಇಟ್ಟೀನಿ. ಥಂಡಿ ದೇಶಕ್ಕ ಹೋಗಿ ಬಂದವ್ರು ಯಾರಾರೆ ಇದ್ರ ಸೀರಿ ಮ್ಯಾಲೆ ಏನು ಹಾಕ್ಕೋಬೇಕು ಅಂತ ಹೇಳ್ರೆವಾ. ಕೇರ್‌ವೋಖೆ ಪಾಳಿ ಬಂದ್ರ ಮಾತ್ರ ಹೆದರಿಕಿ ಇಲ್ಲ. ಕಸಾ ಹೊಡಿಯೂದು ಯಾವ ದೇಶದಾಗೂ ಬರ್ತದ ನಮಗ.