ತುರುವನೂರಿನ ಬಯಲೂ ಒಣಸಸ್ಯದ ಹಾಳೆಗಳೂ

ತುರುವನೂರಿನ ಹೆಸರು ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಒಂದು ಕಾಡುಮರದೊಡನೆ ಸೇರಿಕೊಂಡಿದೆ. 1939ರ ಅರಣ್ಯ ಸತ್ಯಾಗ್ರಹದಲ್ಲಿ ಇಲ್ಲಿ ಈಚಲುಮರಗಳನ್ನು ಕಡಿದರು, ಎಸ್. ನಿಜಲಿಂಗಪ್ಪನವರು ಅದರ ಮುಂದಾಳುಗಳಲ್ಲಿ ಒಬ್ಬರು. ಈಚಲು ಹೀಗೆ ರಾಜಕೀಯ ಚರಿತ್ರೆಯನ್ನು ಹೊಕ್ಕಿತು. ಅದೇ ಬಯಲಿನ ಹುಲ್ಲು ಹೂಗಿಡಗಳ ಪೂರ್ವವೃತ್ತಾಂತವನ್ನು ಅರಿಯಬೇಕಾದರೆ ಬೇರೊಂದು ಬಗೆಯ ಕಡತವನ್ನು ಬಿಚ್ಚಬೇಕಾಗುತ್ತದೆ. ಅದು ಒಣಸಸ್ಯ ಸಂಗ್ರಹ, ಎಂದರೆ ಹರ್ಬೇರಿಯಂ.

ಒತ್ತಿ ಒಣಗಿಸಿದ ಗಿಡವನ್ನು ಹಾಳೆಗೆ ಅಂಟಿಸಿ, ಮೂಲೆಯ ಚೀಟಿಯಲ್ಲಿ ಸ್ಥಳ, ದಿನಾಂಕ, ಸಂಗ್ರಾಹಕನ ಹೆಸರುಗಳನ್ನು ಬರೆದಿಡುವುದು ಇದರ ಕ್ರಮ. ಸಸ್ಯಶಾಸ್ತ್ರಜ್ಞನಿಗೆ ಗಿಡ ಮುಖ್ಯ. ನಮಗೆ ಚೀಟಿ ಮುಖ್ಯ. ಕಾಲದೇಶಗಳಿಲ್ಲದ ಹಾಳೆಯೂ ಮಿತಿಯಿಲ್ಲದ ಶಾಸನವೂ ಒಂದೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಕೂಡಲೇ ಇಬ್ಬರು ವಿದೇಶೀಯರು ಈ ನಾಡಿನ ಗಿಡಗಳನ್ನು ಕೂಡಿಸತೊಡಗಿದರು. ಮೆಕೆಂಜಿಯ ಸರ್ವೆಯಲ್ಲಿ ಸಸ್ಯಶಾಸ್ತ್ರಜ್ಞನಾಗಿದ್ದವನು ಬೆಂಜಮಿನ್ ಹೈನೆ. ಅವನು ಕೂಡಿಸಿದ ಗಿಡಗಳನ್ನು ಆಧರಿಸಿ ಜರ್ಮನಿಯ ರೋತ್ 1821ರಲ್ಲಿ ಗ್ರಂಥವನ್ನೇ ಪ್ರಕಟಿಸಿದನು. ಆದರೆ ಅದರಲ್ಲಿ ಬಹುಮಟ್ಟಿಗೆ 'ಪೂರ್ವ ಇಂಡಿಯಾ' ಎಂಬಷ್ಟೇ ಸ್ಥಳನಿರ್ದೇಶ. ಯಾವ ಊರು, ಯಾವ ಗುಡ್ಡವೆಂದು ಹೇಳುವಂತಿಲ್ಲ. 1943ರ ಮಾರ್ಚಿಯಲ್ಲಿ ಬಾಂಬುದಾಳಿಗೆ ಬರ್ಲಿನ್ನಿನ ಸಂಗ್ರಹಾಲಯ ಸುಟ್ಟಾಗ ಅಲ್ಲಿದ್ದ ಹೈನೆಯ ಹಾಳೆಗಳಲ್ಲಿ ಬಹುಭಾಗ ನಾಶವಾಯಿತು.

ಫ್ರಾನ್ಸಿಸ್ ಬುಕ್ಯಾನನ್ನನ ವಿಷಯ ಬೇರೆ. 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಅವನು ಮರುವರ್ಷ ಬಿದನೂರಿನ ಕಡೆಯಿಂದ ಚಿತ್ರದುರ್ಗದ ಸೀಮೆಗೆ ಬಂದು ಹಿರಿಯೂರಿಗೆ ಸಾಗಿದನು. ಅವನ ಸಸ್ಯಗಳು ಸ್ಮಿತ್ತನ ಸಂಗ್ರಹದೊಡನೆ ಲಂಡನ್ನಿನ ಲಿನಿಯನ್ ಸೊಸೈಟಿಯನ್ನು ಸೇರಿವೆ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳ ದಿನಚರಿಯೂ ನಮ್ಮ ಕೈಯಲ್ಲಿದೆ. ಹಾಳೆಯನ್ನೂ ದಿನಚರಿಯನ್ನೂ ಒಟ್ಟಿಗೆ ಓದುವ ಸೌಕರ್ಯ ಹೈನೆಯ ವಿಷಯದಲ್ಲಿ ನಮಗಿಲ್ಲ. ಮರಗಿಡಗಳ ದೇಶೀಯ ಹೆಸರುಗಳನ್ನೂ ಬುಕ್ಯಾನನ್ನನು ಬರೆದುಕೊಂಡನು. (ಅವುಗಳನ್ನು ಹೇಳಿಕೊಟ್ಟ ಹಳ್ಳಿಗರ ಹೆಸರನ್ನೂ ಬರೆದಿದ್ದರೆ ನಮ್ಮ ಕೆಲಸ ಇನ್ನಷ್ಟು ಹಗುರವಾಗುತ್ತಿದ್ದಿತು!)

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಬುಕ್ಯಾನನ್ನನು ಈ ಸೀಮೆಯನ್ನು ದಾಟಿದುದು ಬೇಸಿಗೆಯಲ್ಲಿ. ಕಕ್ಕೆ ಹೂಬಿಡುವ ಕಾಲ ಅದು. ಆದರೆ ಹುಲ್ಲು ಒಣಗಿ, ತುಂಬೆ, ವಿಷ್ಣುಕ್ರಾಂತಿ, ಅಣ್ಣೆಗಳು ಮಳೆಗೆ ಕಾದಿರುವ ಕಾಲವೂ ಹೌದು. ಆದುದರಿಂದ ಅವನ ಸಂಗ್ರಹದಲ್ಲಿ ಈ ಸೀಮೆಯ ಒಂದು ಗಿಡ ಕಾಣದಿದ್ದರೆ ಆಗ ಅದು ಇಲ್ಲಿರಲಿಲ್ಲವೆಂದು ತೀರ್ಮಾನಿಸುವುದು ದುಡುಕು. ದಾಖಲೆಯ ಮೌನವನ್ನು ನೆಲದ ಮೌನವೆಂದು ತಿಳಿಯುವ ತಪ್ಪನ್ನು ನಾವು ಶಾಸನಗಳ ವಿಷಯದಲ್ಲಿಯೂ ಮಾಡುತ್ತೇವೆ.

ಈ ಮೌನ ಇಂದಿಗೂ ಪೂರ್ಣವಾಗಿ ಮುರಿದಿಲ್ಲ. ಸೆಸಿಲ್ ಸಲ್ಡಾನ್ಹ ಅವರು ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಕಟ್ಟಿದ ಹರ್ಬೇರಿಯಂ ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅವರ 'ಫ್ಲೋರಾ ಆಫ್ ಕರ್ನಾಟಕ' 1984 ಮತ್ತು 1996ರಲ್ಲಿ ಎರಡು ಸಂಪುಟಗಳಾಗಿ ಬಂದಿತು. ತಂಗಡಿ, ಮುತ್ತುಗಗಳ ಕುಟುಂಬಗಳು ಅವುಗಳಲ್ಲಿವೆ. ಆದರೆ ಕ್ರಮಾನುಸಾರ ಮುಂದೆ ಬರಬೇಕಾಗಿದ್ದ ತುಂಬೆಯ ಕುಟುಂಬ, ವಿಷ್ಣುಕ್ರಾಂತಿಯ ಕುಟುಂಬ, ಸಮಸ್ತ ಹುಲ್ಲುಗಳು, ತುರುವನೂರಿನ ಆ ಈಚಲು ಸಹ, ಹೊರಗೆ ಉಳಿದುವು. ಬಯಲುಸೀಮೆಯ ಜೀವಾಳವೇ ಹುಲ್ಲು ಎಂಬುದನ್ನು ನೆನೆದರೆ ಈ ಕೊರತೆ ಸಣ್ಣದಲ್ಲ.

ಅಷ್ಟರಲ್ಲಿ ನೆಲವೇ ಬದಲಾಗುತ್ತಿದೆ. ನೆರೆಯ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ 8 ಸಾವಿರ ಎಕರೆಗೂ ಮಿಕ್ಕ ಭೂಮಿ 2008ರಿಂದೀಚೆಗೆ ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಹಂಚಿಕೆಯಾಯಿತು. 1,500 ಎಕರೆ ಪಡೆದುದು ಆ ಹರ್ಬೇರಿಯಂ ಇರುವ ವಿಜ್ಞಾನ ಸಂಸ್ಥೆಯೇ. ದನಕುರಿಗಳ ಮೇವಿಗಾಗಿ ಗ್ರಾಮಸ್ಥರು ನ್ಯಾಯಾಧಿಕರಣದವರೆಗೆ ಹೋದುದು ಸರ್ವವಿದಿತ. ಅಲ್ಲಿ ಮೊದಲು ಯಾವ ಹುಲ್ಲು ಬೆಳೆಯುತ್ತಿದ್ದಿತೆಂಬ ಪ್ರಶ್ನೆಗೆ ಮೇಯಿಸಿದವರ ನೆನಪೊಂದು ಸಾಕ್ಷಿ, ದಿನಾಂಕವುಳ್ಳ ಹಾಳೆ ಇನ್ನೊಂದು. ಮುಂಗಾರಿನ ಕೊನೆಯಲ್ಲಿ, ಹುಲ್ಲು ತೆನೆಗಟ್ಟಿ ನಿಂತಾಗ, ತುರುವನೂರಿನ ಸುತ್ತಣ ಉಳಿದ ಬಯಲಿನಿಂದ ಹಾಳೆಗಳನ್ನು ಕೂಡಿಸಬೇಕು. ಚೀಟಿಯಲ್ಲಿ ಗ್ರಾಮದ ಹೆಸರಿನೊಡನೆ, ಗಿಡದ ಹೆಸರನ್ನು ಹೇಳಿಕೊಟ್ಟವರ ಹೆಸರನ್ನೂ ಅವರ ಒಪ್ಪಿಗೆ ಪಡೆದು ಬರೆಯಬೇಕು.