ದಾರಿ ತಪ್ಪಿದ ಹುಳಿಯ ಕಥೆ

ಎದೆ ಉರಿದರೆ 'ಗ್ಯಾಸ್ಟ್ರಿಕ್', ಹುಳಿತೇಗು ಬಂದರೆ 'ಗ್ಯಾಸ್ಟ್ರಿಕ್', ಹೊಟ್ಟೆ ತೊಳಸಿ ಓಕರಿಕೆ ಬಂದರೂ 'ಗ್ಯಾಸ್ಟ್ರಿಕ್'. 'ಜಠರಕ್ಕೆ ಸಂಬಂಧಿಸಿದ್ದು' ಎಂಬಷ್ಟೇ ಅರ್ಥದ ಈ ಇಂಗ್ಲಿಷ್ ಪದ ಕನ್ನಡಿಗರ ಬಾಯಲ್ಲಿ ಒಂದು ಕಾಯಿಲೆಯ ಹೆಸರೇ ಆಗಿಬಿಟ್ಟಿದೆ. ಔಷಧದಂಗಡಿಯಲ್ಲಿ ಆ ಒಂದು ಪದ ಹೇಳಿದರೆ ಸಾಕು, ಮಾತ್ರೆ ಕೈಗೆ ಬರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅದನ್ನು ನುಂಗುವುದು ಅನೇಕರಿಗೆ ಕಾಫಿ ಕುಡಿದಷ್ಟೇ ಸಹಜ.

ಈ ಪುಟ್ಟ ಮಾತ್ರೆಯ ಹಿಂದೆ ದೊಡ್ಡ ಇತಿಹಾಸವಿದೆ. ಹೊಟ್ಟೆಯಲ್ಲಿ ಹುಳಿ ಇರುವುದು ರೋಗವಲ್ಲ, ಅದು ಇರಬೇಕಾದ ಜಾಗ ಬಿಟ್ಟು ಮೇಲೇರುವುದೇ ಎದೆಯುರಿಯ ಮೂಲ ಎಂಬ ಸರಳ ಸಂಗತಿಯನ್ನು ಅರಿಯಲು ವೈದ್ಯಲೋಕಕ್ಕೆ ಬಹುಕಾಲ ಹಿಡಿಯಿತು.

ಅಮ್ಲಪಿತ್ತದ ಲಕ್ಷಣ

ತೊಂದರೆಯಂತೂ ಹೊಸದಲ್ಲ. ಚರಕ ಹಾಗೂ ಸುಶ್ರುತ ಸಂಹಿತೆಗಳಲ್ಲಿ ಇದಕ್ಕೆ ಪ್ರತ್ಯೇಕ ಅಧ್ಯಾಯವಿಲ್ಲದಿದ್ದರೂ ಕಾಶ್ಯಪ ಸಂಹಿತೆ ಮತ್ತು ಮಾಧವ ನಿದಾನ 'ಅಮ್ಲಪಿತ್ತ' ಎಂಬ ರೋಗವನ್ನು ವಿವರಿಸುತ್ತವೆ. ತಿಂದದ್ದು ಅರಗದಿರುವುದು, ಆಯಾಸ, ಓಕರಿಕೆ, ಕಹಿ ಅಥವಾ ಹುಳಿ ತೇಗು, ಮೈಭಾರ, ಎದೆ ಮತ್ತು ಗಂಟಲಿನ ಉರಿ, ಬಾಯಿರುಚಿ ಕೆಡುವುದು - ಮಾಧವ ನಿದಾನ ನೀಡುವ ಈ ಪಟ್ಟಿಯನ್ನು ಇಂದಿನ ರೋಗಿಯ ಮುಂದಿಟ್ಟರೂ ಆತ ಹೌದೆಂದು ತಲೆಯಾಡಿಸಿಯಾನು. ಮೇಲ್ಮುಖವಾಗಿ ಹೋಗುವುದು, ಕೆಳಮುಖವಾಗಿ ಹೋಗುವುದು ಎಂದು ಅದನ್ನು ಎರಡಾಗಿ ವಿಂಗಡಿಸಿದ್ದೂ ಗಮನಾರ್ಹ.

ಆದರೆ ಹೊಟ್ಟೆಯೊಳಗೆ ನಿಜವಾಗಿ ನಡೆಯುವುದೇನು? ಅದನ್ನು ಕಣ್ಣಾರೆ ಕಂಡವರಿರಲಿಲ್ಲ. ಜಠರ ಅನ್ನವನ್ನು ಬೇಯಿಸುತ್ತದೆ, ಅರೆಯುತ್ತದೆ, ಕೊಳೆಸುತ್ತದೆ ಎಂದು ಯುರೋಪಿನ ಪಂಡಿತರೂ ಬಗೆಬಗೆಯಾಗಿ ವಾದಿಸುತ್ತಿದ್ದರು. ಜಠರರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು ಲಂಡನ್ನಿನ ವೈದ್ಯ ವಿಲಿಯಂ ಪ್ರೌಟ್ 1823ರಲ್ಲಿ ತೋರಿಸಿಕೊಟ್ಟ. ಅದರ ಹಿಂದಿನ ವರ್ಷವಷ್ಟೇ ಅಮೆರಿಕದಲ್ಲಿ ನಡೆದ ಒಂದು ಅವಘಡ, ಜಠರದ ಕೆಲಸವನ್ನು ನೇರವಾಗಿ ನೋಡುವ ದಾರಿಯನ್ನು ತೆರೆದಿತ್ತು.

ಹೊಟ್ಟೆಗೊಂದು ಕಿಟಕಿ

1822ರ ಜೂನ್ 6. ಮಿಷಿಗನ್ ಪ್ರಾಂತ್ಯದ ಮ್ಯಾಕಿನಾ ದ್ವೀಪ. ತುಪ್ಪಳ ವ್ಯಾಪಾರದ ಕಂಪನಿಯೊಂದರ ಮಳಿಗೆಯಲ್ಲಿ ಆಕಸ್ಮಿಕವಾಗಿ ಹಾರಿದ ಬಂದೂಕಿನ ಗುಂಡು, ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆನಡಾದ ಯುವ ಕೂಲಿಯಾಳಿನ ಎಡ ಪಕ್ಕೆಯನ್ನು ಸೀಳಿತು. ಸೇನಾವೈದ್ಯ ವಿಲಿಯಂ ಬೋಮಾಂಟ್ ಚಿಕಿತ್ಸೆ ನೀಡಿದ. ಬದುಕಲಾರ ಎಂದುಕೊಂಡಿದ್ದ ಅಲೆಕ್ಸಿಸ್ ಬದುಕಿದ. ಆದರೆ ಗಾಯ ಪೂರ್ತಿ ಮುಚ್ಚಲಿಲ್ಲ. ಹೊರಗಿನಿಂದ ನೇರ ಜಠರದೊಳಕ್ಕೆ ಒಂದು ರಂಧ್ರ ಉಳಿದುಬಿಟ್ಟಿತು.

1825ರಿಂದ ಬೋಮಾಂಟ್ ಆ ರಂಧ್ರದ ಮೂಲಕ ಪ್ರಯೋಗ ಆರಂಭಿಸಿದ. ಮಾಂಸ, ಕೋಸು, ಬ್ರೆಡ್ಡಿನ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಒಳಗೆ ಇಳಿಬಿಟ್ಟು, ಗಂಟೆಗೊಮ್ಮೆ ಹೊರಗೆಳೆದು ನೋಡಿದ. ಜಠರರಸವನ್ನು ಸೀಸೆಯಲ್ಲಿ ಹಿಡಿದು ಬೆಚ್ಚಗಿಟ್ಟಾಗ ಮಾಂಸ ಅದರಲ್ಲೂ ಕರಗಿತು. ಜೀರ್ಣಕ್ರಿಯೆ ಬಹುಪಾಲು ಒಂದು ರಾಸಾಯನಿಕ ಕ್ರಿಯೆ ಎಂಬುದು ಹೀಗೆ ಖಚಿತವಾಯಿತು. ಸಿಟ್ಟು ಬಂದಾಗ ಜೀರ್ಣಕ್ರಿಯೆ ಏರುಪೇರಾಗುವುದನ್ನೂ ಆತ ಗುರುತಿಸಿದ. 1833ರಲ್ಲಿ ಇದೆಲ್ಲವೂ ಪುಸ್ತಕವಾಯಿತು.

ಈ ಜ್ಞಾನಕ್ಕೆ ಬೆಲೆ ತೆತ್ತವನು ಅಲೆಕ್ಸಿಸ್. ಓದುಬರಹ ಬಾರದ ಆತ 1832ರಲ್ಲಿ ಕರಾರುಪತ್ರಕ್ಕೆ ಗುರುತು ಹಾಕಿ, ವರ್ಷಕ್ಕೆ 150 ಡಾಲರ್ ಕೂಲಿಗೆ ತನ್ನ ಹೊಟ್ಟೆಯನ್ನು ಪ್ರಯೋಗಕ್ಕೆ ಒಪ್ಪಿಸಿದ್ದ. ಹಲವು ಬಾರಿ ಊರಿಗೆ ಹೊರಟುಹೋದ, ಕೊನೆಗೆ ಹಿಂತಿರುಗಲೇ ಇಲ್ಲ. 1880ರಲ್ಲಿ ಆತ ಸತ್ತಾಗ ವೈದ್ಯರು ದೇಹವನ್ನು ಕೊಯ್ಯಬಾರದೆಂದು ಮನೆಯವರು ಶವ ಕೆಡುವವರೆಗೂ ಕಾದು, ಆಳವಾದ ಗುಂಡಿ ತೋಡಿ ಹೂಳಿದರು.

ಬಾಗಿಲಿನ ಮರೆವು

ಆಮ್ಲ ಇದೆ ಎಂದಾದ ಮೇಲೆ ಎಲ್ಲ ದೂರೂ ಅದರ ಮೇಲೇ ಬಂತು. ಸೋಡಾ, ಸೀಮೆಸುಣ್ಣ, ಮೆಗ್ನೀಷಿಯಾ ಮುಂತಾದ ಕ್ಷಾರಗಳ ಬಳಕೆ ಹೆಚ್ಚಿತು. ಷಿಕಾಗೋದ ವೈದ್ಯ ಬರ್ಟ್ರಮ್ ಸಿಪ್ಪಿ 1915ರಲ್ಲಿ ಜಠರದ ಹುಣ್ಣಿಗೆ ಗಂಟೆಗಂಟೆಗೂ ಹಾಲು, ಕೆನೆ ಹಾಗೂ ಕ್ಷಾರದ ಪುಡಿ ಕೊಡುವ ಪಥ್ಯವನ್ನು ಪ್ರಚಾರಕ್ಕೆ ತಂದ. ಅದು ದಶಕಗಳ ಕಾಲ ನಡೆಯಿತು. ಹಾಲು ಆ ಕ್ಷಣಕ್ಕೆ ಉರಿ ತಗ್ಗಿಸಿದರೂ ಬಳಿಕ ಆಮ್ಲ ಸ್ರವಿಸುವಂತೆ ಮಾಡುತ್ತದೆ ಎಂಬುದು ಆಮೇಲೆ ತಿಳಿದ ವಿಚಾರ.

ಎದೆಯುರಿಯ ವಿಷಯದಲ್ಲಿ ಹೊಸ ತಿರುವು ಬಂದದ್ದು 1935ರಲ್ಲಿ. ಜಠರದ ಆಮ್ಲ ಅನ್ನನಾಳಕ್ಕೆ ಏರಿ ಅಲ್ಲಿ ಉರಿಯೂತ ಉಂಟುಮಾಡುತ್ತಿರಬಹುದು ಎಂದು ನ್ಯೂಯಾರ್ಕಿನ ವೈದ್ಯ ಆಷರ್ ವಿಂಕೆಲ್‌ಸ್ಟೀನ್ ಸೂಚಿಸಿದ. ಜಠರದ ಒಳಗೋಡೆಗೆ ಲೋಳೆಯ ರಕ್ಷಣೆ ಇದೆ. ಅನ್ನನಾಳಕ್ಕೆ ಅಂಥ ಕವಚವಿಲ್ಲ. ಇವೆರಡರ ನಡುವೆ ಬಾಗಿಲಿನಂತೆ ಕೆಲಸ ಮಾಡುವುದು ಉಂಗುರದಂಥ ಒಂದು ಸ್ನಾಯು. ಅನ್ನನಾಳದೊಳಗಿನ ಒತ್ತಡ ಅಳೆಯುವ ವಿಧಾನಗಳು 1950ರ ದಶಕದಲ್ಲಿ ಬಂದ ಮೇಲೆ ಅದರ ಪಾತ್ರ ಸ್ಪಷ್ಟವಾಯಿತು. ಅದು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲವಾದರೆ, ಇಲ್ಲವೇ ಜಠರದ ಮೇಲ್ಭಾಗ ವಪೆಯ ಸಂದಿನಿಂದ ಮೇಲಕ್ಕೆ ಸರಿದರೆ ಆಮ್ಲ ಮೇಲೇರುತ್ತದೆ. ಜಠರದ ಮೇಲ್ತುದಿಯನ್ನು ಅನ್ನನಾಳದ ಸುತ್ತ ಸುತ್ತಿ ಹೊಲಿದು ಬಾಗಿಲನ್ನು ಬಿಗಿಗೊಳಿಸುವ ಶಸ್ತ್ರಕ್ರಿಯೆಯನ್ನು ಜರ್ಮನ್ ಮೂಲದ ರುಡಾಲ್ಫ್ ನಿಸೆನ್ 1956ರಲ್ಲಿ ಪ್ರಕಟಿಸಿದ. ಆತನ ಹೆಸರಿನಲ್ಲೇ ಅದು ಇಂದಿಗೂ ನಡೆಯುತ್ತಿದೆ.

ಮಾತ್ರೆಗಳ ಯುಗ

ಎಲ್ಲರಿಗೂ ಶಸ್ತ್ರಕ್ರಿಯೆ ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಬೇರೆ ದಾರಿ ಹಿಡಿದರು. ತಯಾರಾದ ಆಮ್ಲವನ್ನು ಸುಣ್ಣ ಹಾಕಿ ತಣಿಸುವ ಬದಲು ತಯಾರಿಯನ್ನೇ ತಗ್ಗಿಸಿದರೆ ಹೇಗೆ? ಆಮ್ಲದ ಕೋಶಗಳಿಗೆ ಕೆಲಸದ ಆಜ್ಞೆ ಒಯ್ಯುವ ಹಿಸ್ಟಮಿನ್ ಅನ್ನು ತಡೆಯಲು ಅವರ ತಂಡ 1964ರಿಂದ ಯತ್ನಿಸಿತು. ಭರವಸೆ ಮೂಡಿಸಿದ್ದ ಒಂದು ಔಷಧ ಕೆಲವು ರೋಗಿಗಳ ಬಿಳಿ ರಕ್ತಕಣಗಳನ್ನು ಕುಗ್ಗಿಸಿದ್ದರಿಂದ ಅದನ್ನು ಕೈಬಿಡಬೇಕಾಯಿತು. 1976ರಲ್ಲಿ ಸಿಮೆಟಿಡಿನ್ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. 1988ರಲ್ಲಿ ಬ್ಲ್ಯಾಕ್ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಪ್ರಶಸ್ತಿ ದೊರೆಯಿತು.

ಅದೇ 1988ರಲ್ಲಿ ಸ್ವೀಡನ್ನಿನಿಂದ ಒಮೆಪ್ರಜೋಲ್ ಬಂತು. ಆಮ್ಲವನ್ನು ಹೊರಚೆಲ್ಲುವ 'ಪಂಪ'ನ್ನೇ ನಿಲ್ಲಿಸುವ ಮಾತ್ರೆ ಇದು. ನಮ್ಮ ಔಷಧದಂಗಡಿಗಳಲ್ಲಿ ಧಾರಾಳವಾಗಿ ಸಿಗುವ ಪ್ಯಾಂಟೊಪ್ರಜೋಲ್ ಇದರದೇ ಕುಟುಂಬಕ್ಕೆ ಸೇರಿದ್ದು. ಇನ್ನೊಂದೆಡೆ, 1981ರಲ್ಲಿ ಬಂದು ಮನೆಮಾತಾಗಿದ್ದ ರ‍್ಯಾನಿಟಿಡಿನ್‌ನಲ್ಲಿ ಕ್ಯಾನ್ಸರ್‌ಕಾರಕ ಎಂಬ ಶಂಕೆಯಿರುವ ಕಲ್ಮಶ 2019ರಲ್ಲಿ ಪತ್ತೆಯಾಯಿತು. ಮರುವರ್ಷ ಅಮೆರಿಕ ಅದನ್ನು ಮಾರುಕಟ್ಟೆಯಿಂದ ಹಿಂದೆಗೆಸಿತು. 2022ರಲ್ಲಿ ಭಾರತ ತನ್ನ ಅಗತ್ಯ ಔಷಧಗಳ ಪಟ್ಟಿಯಿಂದ ಅದನ್ನು ಕೈಬಿಟ್ಟಿತು. ದಿನನಿತ್ಯದ ಮಾತ್ರೆಯೆಂದು ಯಾವುದನ್ನೂ ಹಗುರವಾಗಿ ಕಾಣುವಂತಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಮಾತ್ರೆಯ ಮಿತಿ

ಇಷ್ಟೆಲ್ಲ ಸಾಧನೆಯ ನಂತರವೂ ಒಂದು ಮಾತು ಉಳಿಯುತ್ತದೆ. ಮಾತ್ರೆ ಆಮ್ಲವನ್ನು ತಗ್ಗಿಸುತ್ತದೆಯೇ ಹೊರತು ಬಾಗಿಲನ್ನು ಸರಿಪಡಿಸುವುದಿಲ್ಲ. ಅದಕ್ಕೆಂದೇ ವೈದ್ಯರು ಇಂದಿಗೂ ಹಳೆಯ ಬುದ್ಧಿಮಾತುಗಳನ್ನು ಬಿಟ್ಟಿಲ್ಲ: ಒಮ್ಮೆಗೇ ಹೊಟ್ಟೆ ಬಿರಿಯ ಉಣ್ಣಬೇಡಿ; ರಾತ್ರಿಯೂಟಕ್ಕೂ ನಿದ್ರೆಗೂ ನಡುವೆ ಎರಡು ಮೂರು ಗಂಟೆ ಅಂತರವಿರಲಿ; ಮಂಚದ ತಲೆಯ ಭಾಗವನ್ನು ಆರರಿಂದ ಎಂಟು ಅಂಗುಲ ಎತ್ತರಿಸಿ; ಎಡಮಗ್ಗುಲಿಗೆ ಮಲಗಿ; ಬೊಜ್ಜು ಕರಗಿಸಿ; ಹೊಗೆಸೊಪ್ಪು ಬಿಡಿ. ಪಂಪ್ ತಡೆಯುವ ಮಾತ್ರೆಯನ್ನು ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಿದರೆ ಮಾತ್ರ ಪೂರ್ಣ ಫಲ. ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಲ್ಲಿ ಬಿ12 ಜೀವಸತ್ವ, ಮೆಗ್ನೀಷಿಯಂ ಕಡಿಮೆಯಾಗಬಹುದು. ದಿಢೀರನೆ ನಿಲ್ಲಿಸಿದರೆ ಆಮ್ಲ ಮತ್ತೆ ಉಕ್ಕಬಹುದು. ಎಷ್ಟು ದಿನ, ಹೇಗೆ ಎಂಬುದನ್ನು ವೈದ್ಯರೇ ಹೇಳಬೇಕು.

ಎಲ್ಲಕ್ಕೂ ಒಂದೇ ಹೆಸರಿಡುವುದರಲ್ಲಿ ಅಪಾಯವೂ ಇದೆ. ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ, ವಾಂತಿಯಲ್ಲಿ ರಕ್ತ ಕಂಡರೆ, ಮಲ ಕಪ್ಪಾದರೆ, ಓಕರಿಕೆ ಬಿಡದೆ ಕಾಡಿದರೆ ಅಂಗಡಿಯ ಮಾತ್ರೆಗೆ ಕೈಚಾಚುವ ಹೊತ್ತು ಅದಲ್ಲ. ಎದೆ ಹಿಂಡಿದಂತಾಗಿ, ಬೆವರೊಡೆದು, ನೋವು ತೋಳಿಗೋ ದವಡೆಗೋ ಹರಿದರೆ ಅದು ಹೃದಯಾಘಾತವಿರಬಹುದು. 'ಗ್ಯಾಸ್ಟ್ರಿಕ್ ಇರಬೇಕು' ಎಂದು ಸೋಡಾ ಕುಡಿದು ಕಾಯುವ ಒಂದು ಗಂಟೆ ಜೀವಕ್ಕೇ ಎರವಾಗಬಹುದು. ಆಗ ಹೋಗಬೇಕಾದ್ದು ಔಷಧದಂಗಡಿಗಲ್ಲ, ಆಸ್ಪತ್ರೆಗೆ.