‘ಹಮ್ ಲೋಗ್’ ನಾಟಕಮಾಲೆಯೂ ಕುಟುಂಬವಾತ್ಸಲ್ಯವೂ

ನಾಟಕವು ಲೋಕಕ್ಕೆ ಹಿತೋಪದೇಶವನ್ನು ಮಾಡತಕ್ಕುದೆಂಬುದು ಭರತಮುನಿಯ ಕಾಲದಿಂದಲೂ ನಡೆದುಬಂದಿರುವ ಮತ. ಆದರೆ ಕವಿಯು ಉದ್ದೇಶಿಸಿದ ಹಿತವನ್ನೇ ಪ್ರೇಕ್ಷಕನು ಗ್ರಹಿಸುವನೆಂದು ನಿಶ್ಚಯವಾಗಿ ಹೇಳಲಾಗದು. ಇದಕ್ಕೆ ನಮ್ಮ ದೇಶದ ದೂರದರ್ಶನದ ಚರಿತ್ರೆಯಲ್ಲಿಯೇ ಒಂದು ಸೊಗಸಾದ ನಿದರ್ಶನವುಂಟು. 1984ನೆಯ ಇಸವಿಯಲ್ಲಿ ಪ್ರಾರಂಭವಾದ ‘ಹಮ್ ಲೋಗ್’ ಎಂಬ ಹಿಂದೀ ಧಾರಾವಾಹಿಯ ವೃತ್ತಾಂತವೇ ಅದು.

ಈ ಕಥೆಯ ಬೇರು ಬಹುದೂರದಲ್ಲಿದೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ 1969ರಲ್ಲಿ ‘ಸಿಂಪ್ಲೆಮೆಂತೆ ಮರಿಯಾ’ ಎಂಬ ನಾಟಕಮಾಲೆ ಆರಂಭವಾಯಿತು. ಹಳ್ಳಿಯಿಂದ ಪಟ್ಟಣಕ್ಕೆ ಬಂದು ಮನೆಗೆಲಸಕ್ಕೆ ನಿಂತ ಬಡಹುಡುಗಿಯೊಬ್ಬಳು ಅಕ್ಷರವನ್ನೂ ಹೊಲಿಗೆಯನ್ನೂ ಕಲಿತು ಏಳಿಗೆ ಹೊಂದಿದಳೆಂಬುದು ಅದರ ವಸ್ತು. ಅದನ್ನು ನೋಡಿದ ಅನೇಕ ತರುಣಿಯರು ತಾವೂ ಹೊಲಿಗೆ ಕಲಿಯತೊಡಗಿದರು. ಮೆಕ್ಸಿಕೋ ದೇಶದ ನಾಟಕಕಾರ ಮಿಗೆಲ್ ಸಾಬಿದೋ ಈ ಪರಿಣಾಮವನ್ನು ಮನಗಂಡು ಒಂದು ಕ್ರಮವನ್ನು ರಚಿಸಿದನು. ಅನುಕರಣಯೋಗ್ಯರು, ತ್ಯಾಜ್ಯರು, ಇವರಿಬ್ಬರ ನಡುವೆ ತೊಳಲಿ ಕಡೆಗೆ ಸನ್ಮಾರ್ಗವನ್ನು ಹಿಡಿಯುವವರು ಎಂದು ಪಾತ್ರಗಳಲ್ಲಿ ಮೂರು ಬಗೆ. ಮೂರನೆಯವರ ಜೊತೆಯಲ್ಲಿ ಪ್ರೇಕ್ಷಕನೂ ಮಾರ್ಪಡುವನೆಂಬುದು ಆತನ ನಂಬಿಕೆ. 1977ರಲ್ಲಿ ಪ್ರಾರಂಭವಾದ ಆತನ ‘ಅಕೊಂಪಾನ್ಯಮೆ’ ಎಂಬ ಮಾಲೆಯು ಮಿತಸಂತಾನವನ್ನು ಬೋಧಿಸಿತು.

ಭಾರತದಲ್ಲಿ ದೂರದರ್ಶನವು 1959ರಲ್ಲಿ ದೆಹಲಿಯಲ್ಲಿ ಹುಟ್ಟಿದರೂ ಬಹುಕಾಲ ಪಟ್ಟಣವಾಸಿಗಳ ಸೊತ್ತಾಗಿಯೇ ಇದ್ದಿತು. 1982ರಲ್ಲಿ ಅದಕ್ಕೆ ಬಣ್ಣ ಬಂದ ಮೇಲೆ ಪ್ರಸಾರಕೇಂದ್ರಗಳ ಸಂಖ್ಯೆ ಬೇಗಬೇಗನೆ ಹೆಚ್ಚಿತು. ಮೆಕ್ಸಿಕೋ ದೇಶದ ಪ್ರಯೋಗವನ್ನು ನಮ್ಮಲ್ಲಿಯೂ ನಡೆಯಿಸಬೇಕೆಂದು ವಾರ್ತಾ ಇಲಾಖೆಯ ಕಾರ್ಯದರ್ಶಿಗಳಾಗಿದ್ದ ಎಸ್. ಎಸ್. ಗಿಲ್ ಅವರು ಆಸಕ್ತಿ ವಹಿಸಿದರು. ಮನೋಹರ ಶ್ಯಾಮ ಜೋಶಿಯವರು ಬರೆದರು, ಪಿ. ಕುಮಾರ್ ವಾಸುದೇವ್ ಅವರು ನಿರ್ದೇಶಿಸಿದರು. 1984ನೆಯ ಜುಲೈ 7ರಂದು ಮೊದಲನೆಯ ಕಂತು ಪ್ರಸಾರವಾಯಿತು. ಆ ಬಳಿಕ ಹದಿನೇಳು ತಿಂಗಳ ಕಾಲ ಈ ಕಥೆಯು ನಡೆಯಿತು.

ಕಥೆಯು ಉತ್ತರಹಿಂದೂಸ್ಥಾನದ ಒಂದು ಸಾಮಾನ್ಯ ಕುಟುಂಬದ್ದು. ಯಜಮಾನ ಬಸೇಸರ ರಾಮನು ಕುಡುಕ, ಹೊಣೆಯರಿಯದವನು. ಆತನ ಪತ್ನಿ ಭಾಗವಂತಿಯು ಎಲ್ಲವನ್ನೂ ನುಂಗಿಕೊಂಡು ಮನೆಯನ್ನು ನಡೆಯಿಸುವವಳು. ಸೇನೆಯಲ್ಲಿದ್ದು ಬಂದ ಅಜ್ಜ, ಅಜ್ಜಿ, ಮತ್ತು ಐವರು ಮಕ್ಕಳು: ಉದ್ಯೋಗವನ್ನರಸುವ ಲಲ್ಲೂ, ಕ್ರಿಕೆಟ್ ಆಟಗಾರನಾಗಬಯಸುವ ನನ್ಹೇ, ಮದುವೆಗೆ ನಿಂತ ಬಡ್ಕೀ, ಚಲಚ್ಚಿತ್ರದ ಮೋಹಕ್ಕೆ ಸಿಲುಕಿ ಮುಂಬಯಿಗೆ ಹೋಗುವ ಮಝ್ಲೀ, ವೈದ್ಯಳಾಗಬೇಕೆಂಬ ಛುಟ್ಕೀ. ಇಂಥ ಮನೆ ಯಾವ ಬೀದಿಯಲ್ಲಿಲ್ಲ?

ಮೊದಲಿನ ಹದಿಮೂರು ಕಂತುಗಳಲ್ಲಿ ಕುಟುಂಬಯೋಜನೆಯ ಉಪದೇಶವೇ ಮುಂದಾಗಿದ್ದಿತು. ಜನರು ಬೇಸರಪಟ್ಟರು. ಔಷಧವನ್ನು ಬೆಲ್ಲದಲ್ಲಿ ಅಡಗಿಸಿ ಕೊಡದಿದ್ದರೆ ಮಗುವು ಉಗುಳುವುದು ಸಹಜವಷ್ಟೆ. ಆಗ ಜೋಶಿಯವರು ಬೋಧನೆಯನ್ನು ಹಿಂದೆ ಸರಿಸಿ ತಂದೆಮಕ್ಕಳ, ಅತ್ತೆಸೊಸೆಯರ, ಅಕ್ಕತಂಗಿಯರ ಸುಖದುಃಖಗಳನ್ನೇ ಮುಂದೆ ತಂದರು. ಅಂದಿನಿಂದ ಮಾಲೆಯು ಜನಗಳ ಮನಸ್ಸನ್ನು ಸೆರೆಹಿಡಿಯಿತು. ಪ್ರತಿ ಕಂತಿನ ಕೊನೆಯಲ್ಲಿ ಹಿರಿಯ ನಟ ಅಶೋಕ ಕುಮಾರರು ಕಾಣಿಸಿಕೊಂಡು, ನಮ್ಮ ಯಕ್ಷಗಾನದ ಭಾಗವತರು ಕಥೆಯ ಎಳೆಯನ್ನು ಹಿಡಿದು ನಿಲ್ಲುವಂತೆ, ನಡೆದುದನ್ನು ವಿಮರ್ಶಿಸಿ ನೋಡುವವರನ್ನು ಪ್ರಶ್ನಿಸುತ್ತಿದ್ದರು. ಉತ್ತರವಾಗಿ ಬಂದ ಕಾಗದಗಳು ನಾಲ್ಕು ಲಕ್ಷಕ್ಕೂ ಮಿಕ್ಕಿದ್ದುವು. ಬಡ್ಕೀ ಮದುವೆಗೆ ಒಪ್ಪಲೋ ಬೇಡವೋ ಎಂದು ತೊಳಲುತ್ತಿದ್ದಾಗ, ಅವಳು ಕಲ್ಪಿತಳೆಂಬುದನ್ನೇ ಮರೆತು ಧೈರ್ಯ ಹೇಳಿದವರುಂಟು.

ಆದರೆ ಚರಿತ್ರಕಾರನು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಬೇರೆ. ಅರವಿಂದ ಸಿಂಘಾಲ್ ಮತ್ತು ಎವರೆಟ್ ರೋಜರ್ಸ್ ಎಂಬ ವಿದ್ವಾಂಸರು ಪ್ರೇಕ್ಷಕರನ್ನು ವಿಚಾರಿಸಿ ನೋಡಿದರು. ಭಾಗವಂತಿಯನ್ನು ಯೋಜಕರು ತ್ಯಾಜ್ಯಪಾತ್ರಗಳ ಸಾಲಿನಲ್ಲಿ ಇರಿಸಿದ್ದರು. ಬಾಯಿಲ್ಲದೆ ಸಹಿಸಿದರೆ ಸ್ತ್ರೀಗೆ ಒದಗುವ ಗತಿಯಿದು, ಹೀಗಾಗಬೇಡಿರಿ, ಎಂಬುದು ಅವರ ಇಂಗಿತ. ನೋಡಿದವರಲ್ಲಿ ಹಲವರು ಹಾಗೆ ತಿಳಿಯಲಿಲ್ಲ. ಆಕೆಯೇ ಆದರ್ಶ ಗೃಹಿಣಿ, ಆಕೆಯಂತೆಯೇ ಇರಬೇಕೆಂದು ಹೇಳಿದರು. ಹಾಗೆಂದವರಲ್ಲಿ ಹೆಂಗಸರೇ ಹೆಚ್ಚು.

ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಚಂದ್ರಮತಿಯ ಗೋಳನ್ನು ಕೇಳಿ ಕಣ್ಣೀರಿಟ್ಟ, ಸೀತೆಯ ಸಹನೆಯನ್ನು ಕೊಂಡಾಡಿದ ಜನರು ನಾವು. ಕರುಣರಸವು ದುಃಖಿಯನ್ನು ನಮ್ಮ ಹತ್ತಿರಕ್ಕೆ ತರುವುದೇ ಹೊರತು ಆಕೆಯ ನಡತೆಯ ಗುಣದೋಷಗಳನ್ನು ತೂಗುವುದಿಲ್ಲ. ಅಲ್ಲದೆ ಭಾಗವಂತಿಯ ಮುಖದಲ್ಲಿ ಎಷ್ಟೋ ಮಂದಿ ತಮ್ಮ ತಾಯಿಯನ್ನು ಕಂಡಿರಬೇಕು. ತಾಯಿಯನ್ನು ತ್ಯಾಜ್ಯಳೆಂದು ಯಾವ ಮಗಳು ಹೇಳಿಯಾಳು? ಉಪದೇಶವನ್ನು ಜನರ ಹೃದಯಕ್ಕೆ ಮುಟ್ಟಿಸಲು ಯಾವ ವಾತ್ಸಲ್ಯವನ್ನು ಸಾಧನವಾಗಿ ಹಿಡಿದರೋ ಆ ವಾತ್ಸಲ್ಯವೇ ಉಪದೇಶವನ್ನು ಮೀರಿ ನಿಂತಿತು.

ಆದರೂ ಒಂದು ಮಾತನ್ನು ಹೇಳದಿರಲಾಗದು. ತಾಯಿಯ ಸಹನೆಗೆ ಕೈಮುಗಿಯುವುದು ಬೇರೆ. ಆ ಸಹನೆಯನ್ನು ಮಗಳ ಪಾಲಿಗೂ ಬರೆದಿಡುವುದು ಬೇರೆ. ಭಾಗವಂತಿಯು ಸಹಿಸಿದಳೆಂದು ಕೊಂಡಾಡುವ ಮನೆಯಲ್ಲಿ ಬಸೇಸರ ರಾಮನನ್ನು ಕೇಳುವವರು ಇಲ್ಲದೆ ಹೋಗುವರು. ಯೋಜಕರು ಕಂಡ ಅನ್ಯಾಯವು ಸುಳ್ಳಾಗಿರಲಿಲ್ಲ. ಅದನ್ನು ತೋರಿಸಿದ ಕ್ರಮವು ಮಾತ್ರ ಸಾಲದಾಯಿತು.

ಮುಂದಿನ ಚರಿತ್ರೆಯು ಈ ಪಾಠವನ್ನು ಬೇರೊಂದು ರೀತಿಯಲ್ಲಿ ಕಲಿಯಿತು. 1986ರಲ್ಲಿ ಬಂದ ‘ಬುನಿಯಾದ್’ ಎಂಬ ಮಾಲೆಯಲ್ಲಿ ಅದೇ ಜೋಶಿಯವರು ದೇಶವಿಭಜನೆಯ ಮಹಾದುಃಖವನ್ನು ಒಂದೇ ಮನೆತನದ ಮೂಲಕ ಹೇಳಿದರು. ಅಲ್ಲಿ ವಾತ್ಸಲ್ಯವು ಚರಿತ್ರೆಯ ಅರಿವಿಗೆ ಬಾಗಿಲಾಯಿತು. 2000ದ ಇಸವಿಯ ಬಳಿಕ ಖಾಸಗಿ ವಾಹಿನಿಗಳಲ್ಲಿ ಅತ್ತೆಸೊಸೆಯರ ಕಥೆಗಳು ವರುಷಗಟ್ಟಲೆ ನಡೆದುವು. ಅವುಗಳಲ್ಲಿ ಸಹಿಸುವ ಸೊಸೆಯು ಎಚ್ಚರಿಕೆಯಾಗಿ ಅಲ್ಲ, ನಾಯಿಕೆಯಾಗಿಯೇ ಬಂದಳು. ಭಾಗವಂತಿಯನ್ನು ಕುರಿತು ಪ್ರೇಕ್ಷಕರು ಕೊಟ್ಟ ತೀರ್ಪನ್ನು ವ್ಯಾಪಾರವು ಚೆನ್ನಾಗಿ ಅರಿತುಕೊಂಡಿತೆನ್ನಬಹುದು. ಸಂಜೆಯ ಹೊತ್ತು ಮನೆಮಂದಿಯೆಲ್ಲ ಒಂದೆಡೆ ಕುಳಿತು ಇಂಥ ಕಥೆಗಳನ್ನು ನೋಡುವಾಗ, ತೆರೆಯ ಮೇಲಿನ ತಾಯಿಗಾಗಿ ಮಿಡಿದ ಮನಸ್ಸು ಅಡಿಗೆಮನೆಯಲ್ಲಿ ಒಬ್ಬಳೇ ನಿಂತಿರುವ ತಾಯಿಯ ಕಡೆಗೂ ತಿರುಗಿದರೆ, ಭರತಮುನಿ ಹೇಳಿದ ಹಿತೋಪದೇಶವು ತಡವಾಗಿಯಾದರೂ ಫಲಿಸಿತೆಂದು ತಿಳಿಯಬಹುದು.